ಹನ್ನೊಂದನೆಯ ಪ್ರಶ್ನೆ

ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮತ್ತು ಮಗಳು ಕೂತಿದ್ದರು. ಮಗಳಿಗೆ ಆಟಿಸಂ ಇದೆಯೇ ಎಂದು ನೋಡುವ ಪ್ರಶ್ನಾವಳಿಯನ್ನು ಇಬ್ಬರೂ ಬೇರೆ ಬೇರೆಯಾಗಿ ತುಂಬಿದ್ದರು.

“ಅಮ್ಮಾ, ನಾನು ತುಂಬಿದ್ರೆ ನನಗೆ ಮೂವತ್ತೆಂಟು ಅಂಕ, ನೀನು ತುಂಬಿದ್ರೆ ಬರೀ ಒಂಬತ್ತು!”

“ಈ ಪರೀಕ್ಷೇನೇ ಸರಿಯಿಲ್ಲ ಬಿಡು.”

“ಹನ್ನೊಂದನೇದು ನೋಡು. ಬಟ್ಟೆ ಲೇಬಲ್ ಚುಚ್ಚುತ್ತಾ ಅಂದ್ರೆ ‘ಇಲ್ಲ’ ಅಂತ ಬರ್ದಿದೀಯಲ್ಲ!”

“ಯಾವತ್ತಾದ್ರೂ ಚುಚ್ಚುತ್ತೆ ಅಂದಿದೀಯಾ ನೀನು?”

“ಮನೇಲಿ ಹೇಗೆ ಚುಚ್ಚುತ್ತೆ? ಅಂಗಡಿಯಿಂದ ತಂದ ಕೂಡಲೇ ನೀನೇ ಕತ್ತರಿಸಿಬಿಡ್ತಿದ್ದೆ! ನನಗೆ ಗೊತ್ತಾಗಿದ್ದೇ ಹಾಸ್ಟೆಲ್‌ಗೆ ಹೋದ್ಮೇಲೆ.”

“ಕತ್ತರಿಸದೆ ಹಾಕ್ಕೊಳ್ಳೋಕಾಗುತ್ತೇನೇ? ದಿನವಿಡೀ ಕತ್ತು ಉರಿಯಲ್ವಾ?”

“ಯಾರ ಕತ್ತಮ್ಮಾ?”

ತಾಯಿಯ ಕೈ ಮೆಲ್ಲಗೆ ತಮ್ಮ ಕುತ್ತಿಗೆಯ ಹಿಂದಕ್ಕೆ ಹೋಯಿತು.

ಒಳಗಿನಿಂದ ಮಗಳನ್ನು ಕರೆದರು. ಅವಳಿಗಿಂತ ಮೊದಲು ತಾಯಿಯೇ ಎದ್ದರು.

“ಬೇಗ ಬಾರೇ! ಈ ಪ್ರಶ್ನೆಗಳ ಖಾಲಿ ಹಾಳೆ ನನಗೂ ಒಂದಿದೆಯಾ ಕೇಳೋಣ.”