ದೀಪ ಇಳಿಸದ ಜೀಪು

ಇಡಗುಂಜಿಯಲ್ಲಿ ನೆಂಟರ ಮನೆ ಊಟ ಮುಗಿಸಿ ಇಬ್ಬರು ನಡೆದು ಬರುತ್ತಿದ್ದರು. ಒಬ್ಬ ನನ್ನ ದೊಡ್ಡಮ್ಮನ ಮಗ ದಾಸಣ್ಣ. ಇನ್ನೊಬ್ಬ ಅವನ ಸೋದರಮಾವ ಬೊಮ್ಮ. ಮನೆ ಇದ್ದದ್ದು ಮಾವಿನಕುರ್ವೆಯಲ್ಲಿ. ಹೊಳೆ ದಂಡೆಯವರೆಗೆ ನಡಿಗೆ, ಆಮೇಲೆ ದೋಣಿ. ಹೊತ್ತು ಮೀರಿತ್ತು. ದಾಸಣ್ಣನ ಕೈಯಲ್ಲಿ ಸೂಡಿ ಇತ್ತು. ಸೂಡಿ ಅಂದರೆ ಒಣಗಿದ ತೆಂಗಿನ ಗರಿಯನ್ನು ಕಟ್ಟಿ ಹಚ್ಚಿದ ಪಂಜು. ಬೀಸುತ್ತ ನಡೆದರೆ ಚೆನ್ನಾಗಿ ಉರಿಯುತ್ತದೆ. ನೆಲದ ಕಡೆ ಇಳಿಸಿ ಹಿಡಿದರೆ ಮಂಕಾಗುತ್ತದೆ. ಈ ಇಳಿಸುವ ವಿಷಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರಿಂದಲೇ ಆದದ್ದು.

ಏರು ಮುಗಿಯುವಲ್ಲಿ ಒಂದು ಗೋಳಿಮರ. ಅದರ ಬುಡದಲ್ಲಿ ಬಾವಿ.

ಬೊಮ್ಮ ಮಾವ ನಿಂತ. ಗಂಟಲು ಸರಿಮಾಡಿ ಒಮ್ಮೆ ಕೆಮ್ಮಿದ.

“ಸೂಡಿ ಇಳ್ಸು.”

“ಎಂತಕ್ಕೆ?”

“ಇಳ್ಸು ಅಂದೆ.”

ಯಾಕೆ ಎಂದು ನಾನು ಹೇಳುತ್ತೇನೆ. ನಮ್ಮ ಕಡೆ ಹೆಂಗಸರು ದಿನವಿಡೀ ಮೀನು ಹೊತ್ತು ಮಾರಿ ಕತ್ತಲಾದ ಮೇಲೆ ಮರಳುತ್ತಾರೆ. ಮೈಯೆಲ್ಲ ಮೀನಿನ ನಾತ. ಗೋಡೆ ಇರುವ ಬಚ್ಚಲು ಎಷ್ಟು ಮನೆಯಲ್ಲಿತ್ತು ಆಗ? ಬಾವಿಕಟ್ಟೆಯಲ್ಲೇ, ಕತ್ತಲನ್ನೇ ಮರೆಮಾಡಿಕೊಂಡು ಮೀಯುತ್ತಿದ್ದರು. ದಾರಿಯಲ್ಲಿ ಹೋಗುವ ಗಂಡಸರು ದೂರದಿಂದಲೇ ಕೆಮ್ಮಿ, ಸೂಡಿ ಇಳಿಸಿ, ಆಚೆ ನೋಡುತ್ತ ದಾಟಬೇಕು. ಯಾರೂ ಕಲಿಸಿದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು.

ಆದರೆ ಈ ಬಾವಿಯಲ್ಲಿ ಯಾರೂ ಮೀಯುತ್ತಿರಲಿಲ್ಲ. ರಾಟೆ ಇತ್ತು, ಹಗ್ಗ ಇರಲಿಲ್ಲ. ಸುತ್ತ ಮನೆಯೂ ಇರಲಿಲ್ಲ. ಆದರೂ ಎಲ್ಲರೂ ಅಲ್ಲಿ ಕೆಮ್ಮುತ್ತಿದ್ದರು. ಎಲ್ಲರೂ ಇಳಿಸುತ್ತಿದ್ದರು.

“ಹಗ್ಗ ಇಲ್ದ ಬಾವೀಲಿ ಯಾರು ಮೀಯ್ತ್ರು ಮಾವ?”

“ಬಾಯ್ಮುಚ್ಚು.”

ದಾಸಣ್ಣ ಇಳಿಸಲಿಲ್ಲ. ಬೇಕೆಂದೇ ಸೂಡಿಯನ್ನು ತಲೆಯ ಮೇಲೆತ್ತಿ ಬಾವಿಯ ಕಡೆ ಬೀಸಿದ.

ಕಿರ್ರ್... ಕಿರ್ರ್... ರಾಟೆ ತಿರುಗಿದ ಸದ್ದು.

ಆಮೇಲೆ ಚುಂಯ್... ಅಂತ ಸೂಡಿ ಆರಿತು.

ಉಳಿದ ದಾರಿಯನ್ನು ಇಬ್ಬರೂ ಕತ್ತಲಲ್ಲೇ ನಡೆದರು. ದೋಣಿ ಹತ್ತುವಾಗ ಮುಟ್ಟಿ ನೋಡಿದರೆ ಸೂಡಿಯ ಗರಿ ತೊಯ್ದು ನೀರು ಇಳಿಯುತ್ತಿತ್ತು. “ಮಂಜು ಬಿದ್ದದ್ದು” ಅಂದ ದಾಸಣ್ಣ. ಬೊಮ್ಮ ಮಾವ ಅವನ ಜೊತೆ ಒಂದು ತಿಂಗಳು ಮಾತಾಡಲಿಲ್ಲ.

ಈಗ ಜೀಪಿನ ವಿಷಯ ಹೇಳಬೇಕು.

ದಾಸಣ್ಣನಿಗೆ ಕಡಲು ಆಗುತ್ತಿರಲಿಲ್ಲ. ಹೊಳೆಯ ದೋಣಿಯನ್ನು ಹೇಗೋ ತಡೆದುಕೊಳ್ಳುತ್ತಿದ್ದ. ಅಳಿವೆ ದಾಟಿದರೆ ವಾಂತಿ. ಮೀನು ಹಿಡಿಯುವ ಮನೆಯ ಗಂಡಸಿಗೆ ಇದಕ್ಕಿಂತ ನಾಚಿಕೆ ಬೇರೆ ಇಲ್ಲ. “ಬಸುರಿಗೆ ಜಾಗ ಬಿಡ್ರೋ” ಎಂದು ದೋಣಿಯವರು ನಗುತ್ತಿದ್ದರು. ಆದ್ದರಿಂದ ಕುಮಟೆಯ ಮೀನು ವ್ಯಾಪಾರಿ ಪಾಂಡು ಸಾವ್ಕಾರನ ಹತ್ತಿರ ಡ್ರೈವರ್ ಕೆಲಸ ಸಿಕ್ಕಿದಾಗ ಅದು ಅವನ ಪಾಲಿಗೆ ಮಾನ ಉಳಿಸಿದ ಕೆಲಸವಾಯಿತು. ಆ ಕೆಲಸ ಹೋದರೆ ಮತ್ತೆ ದೋಣಿಯೇ ಗತಿ.

ಜೀಪು ಹಳೆಯದು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಕೆಸರು, ಮರಳು, ಗುಡ್ಡ ಎಲ್ಲ ಹತ್ತುತ್ತಿತ್ತು. ದೀಪ ಮಾತ್ರ ಚಿಮಣಿ ಬುಡ್ಡಿಯಷ್ಟು. ಭಟ್ಕಳದಲ್ಲಿ ಸಂಜೆ ಮೀನು ತುಂಬಿ ಕುಮಟೆಗೆ ಒಯ್ಯಬೇಕು. ನಡುವೆ ಶರಾವತಿ. ಆಗ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಗಾಡಿಗಳನ್ನು ದಾಟಿಸುತ್ತಿದ್ದರು. ಕೊನೆಯ ಜಂಗಲು ತಪ್ಪಿದರೆ ಬೆಳಗಿನವರೆಗೆ ಈಚೆ ದಂಡೆಯಲ್ಲೇ. ಆ ಬುಡ್ಡಿ ದೀಪದಲ್ಲಿ ತಡವರಿಸಿ ಬರುವಷ್ಟರಲ್ಲಿ ಎರಡು ಸಲ ಜಂಗಲು ತಪ್ಪಿತು. ಮೀನು ಕೊಳೆಯಿತು.

ಪಾಂಡು ಸಾವ್ಕಾರ ಬುಟ್ಟಿಯನ್ನು ಕಾಲಲ್ಲಿ ಒದ್ದ.

“ಇನ್ನೊಂದ್ಸಲ ಹೀಂಗಾದ್ರೆ ಚಾವಿ ಇಲ್ಲಿಟ್ಟು ದೋಣಿ ಹತ್ತು. ಕಡಲು ತುಂಬ ಕಾರ್ಕಂತ ಇರು.”

“ದೀಪ ಬದಲ್ಸಿ ಕೊಡಿ ಸಾವ್ಕಾರ್ರೆ. ಮತ್ತೆ ತಪ್ಪಿದ್ರೆ ಕೇಳಿ.”

ಚೀನಾ ಯುದ್ಧ ಮುಗಿದ ಮರುವರ್ಷ ಭಟ್ಕಳದ ಒಬ್ಬ ಮೇಸ್ತ್ರಿ ಹೊಸ ದೀಪ ಕೂರಿಸಿದ. ಹಳೆಯ ಬ್ಯಾಟರಿಗೆ ಅಷ್ಟು ಶಕ್ತಿ ಇರಲಿಲ್ಲ. ಹಾಗಾಗಿ ಬ್ಯಾಟರಿ, ಡೈನಮೋ ಎರಡನ್ನೂ ಬದಲಿಸಬೇಕಾಯಿತು. ದೀಪಗಳು ಲಾರಿಗೆ ಹಾಕುವಂಥವು. ಮುಂದಿನ ಗಾಜು, ಹಿಂದಿನ ಕನ್ನಡಿ, ಒಳಗಿನ ತಂತಿ ಎಲ್ಲ ಒಂದೇ ಆಗಿ ಬೆಸೆದದ್ದು. ಬಿಚ್ಚಲು ಬರುವುದಿಲ್ಲ. ಒಳಗೆ ಗಾಳಿ ಕೂಡ ಹೋಗುವುದಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ.

ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ಬೆಳಕನ್ನು ಕೆಳಗಿಳಿಸಲು ಒಂದು ಗುಂಡಿ ಇರುತ್ತದೆ. ಡಿಪ್ಪರ್ ಅನ್ನುತ್ತಾರೆ. ಆ ಜೀಪಿನಲ್ಲಿ ಅದು ನೆಲದ ಮೇಲೆ, ಕಾಲಲ್ಲಿ ಒತ್ತುವಂಥದ್ದು. ಮೀನಿನ ಬುಟ್ಟಿಯಿಂದ ಉಪ್ಪುನೀರು ಸೋರಿ ಸೋರಿ ಗುಂಡಿ ತುಕ್ಕು ಹಿಡಿಯಿತು. ಬೆಳಕು ತಾನಾಗಿ ಏಳುವುದು, ತಾನಾಗಿ ಬೀಳುವುದು. ಸ್ವಿಚ್ಚಿನದೂ ಅದೇ ಗತಿ. ಮೇಸ್ತ್ರಿಯ ಹತ್ತಿರ ಹೋದರೆ ಒಂದು ದಿನ ಹಾಳು. ದಾಸಣ್ಣ ಗುಂಡಿಯನ್ನೂ ಸ್ವಿಚ್ಚನ್ನೂ ಕಿತ್ತೆಸೆದು ಬ್ಯಾಟರಿಯಿಂದ ನೇರ ತಂತಿ ಎಳೆದ. ಹಚ್ಚಬೇಕಾದರೆ ಬಾನೆಟ್ ಎತ್ತಿ ತಂತಿ ಸಿಕ್ಕಿಸಬೇಕು. ಆರಿಸಬೇಕಾದರೆ ಬಾನೆಟ್ ಎತ್ತಿ ತಂತಿ ಕೀಳಬೇಕು. ಇಳಿಸುವುದು ಅಂತೂ ಇಲ್ಲವೇ ಇಲ್ಲ.

ಜಂಗಲು ತಪ್ಪುವುದು ನಿಂತಿತು. ಆದರೆ ದಾರಿಯವರೆಲ್ಲ ಹಗೆಗಳಾದರು. ಎತ್ತುಗಳು ಬೆದರಿ ಗಾಡಿ ಗದ್ದೆಗೆ ಇಳಿಯುತ್ತಿದ್ದವು. ಗಾಡಿಯವರು ಕಲ್ಲು ಬೀರಿದರು. ಒಂದು ಸಂಜೆ ಮೀನು ಮಾರಿ ಬರುತ್ತಿದ್ದ ಹೊನ್ನಿ ಆ ಬೆಳಕಿಗೆ ಕಣ್ಣು ಕುಕ್ಕಿ ಚರಂಡಿಗೆ ಬಿದ್ದಳು. ಎದ್ದು ಖಾಲಿ ಬುಟ್ಟಿಯನ್ನು ಜೀಪಿಗೆ ಎಸೆದಳು.

“ಏ ದಾಸ! ನಿನ್ನಬ್ಬೆ ಮೀಯುವಲ್ಲೂ ಹೀಂಗೇ ದೀಪ ಹಿಡೀತ್ಯನ?”

ದಾಸಣ್ಣ ನಕ್ಕು ಹಾರ್ನ್ ಒತ್ತಿದ.

ಆ ದಿನ ಜೀಪಿನಲ್ಲಿ ಪಕ್ಕಕ್ಕೆ ಸುಕ್ರ ಕೂತಿದ್ದ. ಸುಕ್ರ ಅಂದರೆ ಬುಟ್ಟಿ ಏರಿಸಿ ಇಳಿಸುವವನು, ದಾಸಣ್ಣನ ಓರಗೆಯವನು. ಮುಂದೆ ಆದದ್ದನ್ನು ಅವನೂ ನನ್ನ ಹತ್ತಿರ ಹೀಗೇ ಹೇಳಿದ್ದಾನೆ, ಒಂದು ಮಾತೂ ವ್ಯತ್ಯಾಸ ಇಲ್ಲದೆ.

ಅದೇ ಗೋಳಿಮರದ ಏರು, ಜೀಪಿನ ದಾರಿಯೂ ಅದೇ. ಎಂಜಿನ್ ಟುರ್... ಟುರ್... ಅಂದಿತು. ಟಪ್. ನಿಂತಿತು.

ನಿಂತ ಜೀಪು ತುಸು ಹಿಂದೆ ಜಾರಿ ಓರೆಯಾಯಿತು. ಬ್ರೇಕ್ ಹಿಡಿಯಿತು. ಬೆಳಕು ನೇರ ಬಾವಿಕಟ್ಟೆಯ ಮೇಲೆ.

ಯಾರೂ ಇರಲಿಲ್ಲ. ಕಟ್ಟೆ ಮಾತ್ರ ಒದ್ದೆ. ಕಲ್ಲಿನಿಂದ ನೀರು ತಟ್... ತಟ್... ಅಂತ ಬೀಳುತ್ತಿತ್ತು.

ಕಿರ್ರ್... ಕಿರ್ರ್... ಹಗ್ಗ ಇಲ್ಲದ ರಾಟೆ ತಿರುಗಿತು. ಕೆಳಗೆ ಆಳದಲ್ಲಿ ದುಬುಕ್. ಮತ್ತೆ ಕಿರ್ರ್... ನಿಧಾನ, ಭಾರ ಎಳೆಯುವಾಗ ಬರುವ ಸದ್ದು. ಆಮೇಲೆ ಸೊರ್ರ್... ತಲೆಯ ಮೇಲೆ ನೀರು ಹೊಯ್ದುಕೊಂಡಾಗ ಕೇಳುತ್ತದಲ್ಲ, ಹಾಗೆ.

ಸುಕ್ರ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.

“ದೀಪ ತೆಗಿ ಮಾರಾಯ.”

“ಕೆಳಗಿಳೀಬೇಕು.”

“ಇಳಿ ಮತ್ತೆ.”

“ನೀ ಇಳಿ.”

“ತಂತಿ ಕಟ್ಟಿದ್ದು ನಾನಾ? ನೀನೇ ಇಳಿ, ಹಾಳಾದವ್ನೆ!”

ದಾಸಣ್ಣ ಸ್ಟಾರ್ಟರ್ ಒತ್ತಿದ. ಗರ್... ಗರ್... ಹಿಡಿಯಲಿಲ್ಲ. ಜಂಗಲಿನ ಹೊತ್ತು ಸರಿಯುತ್ತಿತ್ತು. ಸೊರ್ರ್ ಸದ್ದು ನಿಂತಿತ್ತು. ಅವನು ಹೇಳಿದ್ದು ಇದು: ಸದ್ದು ಇದ್ದಾಗಿನದಕ್ಕಿಂತ ನಿಂತಾಗ ಹೆದರಿಕೆ ಹೆಚ್ಚಾಯಿತು. ಮೀಯುತ್ತಿದ್ದವಳು ತಿರುಗಿ ನೋಡಿದ ಹಾಗೆ.

ಕೊನೆಗೆ ಇಳಿದ. ಬಾನೆಟ್ ಎತ್ತಬೇಕಾದರೆ ಜೀಪಿನ ಮುಂದೆಯೇ ನಿಲ್ಲಬೇಕು. ಅಂದರೆ ಮುಖ ಜೀಪಿನ ಕಡೆ, ಬೆನ್ನು ಬಾವಿಯ ಕಡೆ. ಕೊಕ್ಕೆ ಬಿಚ್ಚಿದ. ಕಟಕ್. ಇನ್ನೊಂದು. ಕಟಕ್. ಬಾನೆಟ್ ಎತ್ತಿ ಕೈ ಹಾಕಿದರೆ ತಂತಿ ಸಿಗಲಿಲ್ಲ.

ಹಿಂದೆ ಒದ್ದೆ ಹೆಜ್ಜೆ. ಪಚ್... ಪಚ್... ಪಚ್...

ಕಿವಿಯ ಹತ್ತಿರ, ತೀರ ಹತ್ತಿರ, ಒಂದು ಹೆಂಗಸಿನ ಸ್ವರ. ಸಿಟ್ಟು ತುಂಬಿದ್ದು, ಹಲ್ಲು ಕಚ್ಚಿ ಆಡಿದ್ದು.

“ಈಗ ಇಳಿಸ್ತ್ಯಾ?”

ದಾಸಣ್ಣ ತಿರುಗಿದ.

ಛಟ್! ಒಂದು ತಂಬಿಗೆ ನೀರು ಮುಖದ ಬಲಗಡೆಗೆ ಬಡಿಯಿತು. ಅಷ್ಟು ತಣ್ಣಗಿನ ನೀರನ್ನು ಅವನು ಮೊದಲು ಮುಟ್ಟಿರಲಿಲ್ಲವಂತೆ. ಅದೇ ಗಳಿಗೆಗೆ ಜೀಪಿನ ಬಲಗಡೆಯ ದೀಪ ಆರಿತು. ಅವನು ತಂತಿಯನ್ನು ಇನ್ನೂ ಮುಟ್ಟಿರಲೇ ಇಲ್ಲ. ಎಡದ್ದು ಉರಿಯುತ್ತಲೇ ಇತ್ತು. ಎರಡಕ್ಕೂ ತಂತಿ ಒಂದೇ, ಇದನ್ನು ಗಮನಿಸಬೇಕು.

ಏನು ಕಂಡಿತು ಎಂದು ಕೇಳಿದರೆ ದಾಸಣ್ಣ ಹೇಳುವುದಿಲ್ಲ. “ಕಾಂಬ ಮೊದ್ಲೇ ಕಣ್ಣು ಹೋತು” ಅನ್ನುತ್ತಾನೆ. ಸುಕ್ರನಿಗೆ ಮಧ್ಯೆ ಎದ್ದಿದ್ದ ಬಾನೆಟ್ ಅಡ್ಡ ಇತ್ತು.

ತಡಕಾಡಿ ತಂತಿ ಕಿತ್ತ. ಕತ್ತಲು. ಇಬ್ಬರೂ ಸೇರಿ ಜೀಪನ್ನು ಇಳಿಜಾರಿಗೆ ಹಿಂದಕ್ಕೆ ದೂಡಿದರು. ಬೆಳಗಿನವರೆಗೆ ಅಲ್ಲೇ ಕೂತರು. ಜಂಗಲು ತಪ್ಪಿತು. ಮೀನು ಕೊಳೆಯಿತು.

ಬೆಳಕು ಹರಿದಾಗ ದಾಸಣ್ಣನ ಬಲಗಣ್ಣಿಗೆ ಬರೀ ಮಂಜು. ಸಂಜೆಯಾದರೆ ಅದೂ ಇಲ್ಲ. ಹೊನ್ನಾವರದ ಡಾಕ್ಟರು ಟಾರ್ಚ್ ಹಾಕಿ ನೋಡಿ, ಕಣ್ಣಿನಲ್ಲಿ ಏನೂ ದೋಷವಿಲ್ಲ ಅಂದರು. ಪಾಂಡು ಸಾವ್ಕಾರ ಕೈ ಚಾಚಿದ. ದಾಸಣ್ಣ ಚಾವಿ ಇಟ್ಟ. ಈಗ ದೋಣಿಗೆ ಹೋಗುತ್ತಾನೆ. ಈಗಲೂ ವಾಂತಿ ಆಗುತ್ತದೆ. ಯಾರೂ ನಗುವುದಿಲ್ಲ.

ಜೀಪು ರಿಪೇರಿಗೆ ಹೋದಾಗ ಮೇಸ್ತ್ರಿ ಕೆಟ್ಟ ದೀಪವನ್ನು ಜೀಪಿನಿಂದ ಕಳಚಿ ಸುಕ್ರನ ಕೈಗೆ ಕೊಟ್ಟನಂತೆ, “ಇದನ್ನ ನನ್ನ ಅಂಗಡೀಲಿ ಇಡುದಿಲ್ಲ” ಎಂದು. ಸುಕ್ರ ತಂದು ದಾಸಣ್ಣನ ಮನೆಯಲ್ಲಿ ಇಟ್ಟ. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗಾಜು ಒಡೆದಿಲ್ಲ. ಬೆಸುಗೆ ಬಿಟ್ಟಿಲ್ಲ. ಕೂದಲೆಳೆಯಷ್ಟು ಬಿರುಕೂ ಇಲ್ಲ. ಒಳಗೆ ಅರ್ಧದವರೆಗೆ ನೀರಿದೆ. ಅಲ್ಲಾಡಿಸಿದರೆ ನೊರೆ ಏಳುತ್ತದೆ... ಸೀಗೆಪುಡಿ ಕಲಸಿದ ನೀರಿಗೆ ಏಳುವ ಕಂದು ನೊರೆ.

ನಾನು ಕಟ್ಟಿ ಹೇಳುತ್ತಿಲ್ಲ. ನಂಬದವರು ಮಾವಿನಕುರ್ವೆಗೆ ಬಂದು ನೋಡಬಹುದು. ಆ ದೀಪ ದಾಸಣ್ಣನ ಮನೆಯ ಕಿಟಕಿಯಲ್ಲಿ ಇದೆ. ಅವನ ಹೆಂಡತಿ, ನನ್ನ ಗಂಗಾ ಅತ್ತಿಗೆ, ಪ್ರತಿ ಸಂಜೆ ಮೀಯಲು ಹೋಗುವ ಮೊದಲು ಅದನ್ನು ಗೋಡೆಗೆ ಮುಖಮಾಡಿ ಇಟ್ಟು ಹೋಗುತ್ತಾಳೆ. ಮಿಂದು ಬಂದಾಗ ಅದು ಬಚ್ಚಲಿನ ಕಡೆ ತಿರುಗಿರುತ್ತದೆ.