ಕೈಯಲ್ಲಿ ಕೂರಿಸಿದ ಪ್ಲಗ್

ಈಗ ಮನೆಗೆ ಹೊರಟೋರು ಆಲದಮರದ ತಿರುವಲ್ಲಿ ಹೋಗಬೇಡಿ... ಆ ಹಾಳುಬಾವಿ ಇದೆಯಲ್ಲ, ಅಲ್ಲಿ. ಸುತ್ತಾದರೂ ಪರವಾಗಿಲ್ಲ. ಇದು ಯಾರೋ ಕಟ್ಟಿದ ಕತೆಯಲ್ಲ, ನನ್ನ ಷಡ್ಡಕನಿಗೇ ಆದದ್ದು.

ನಾದಿನಿಯ ಗಂಡ ಅವನು. ಬೈಕ್ ಮೆಕ್ಯಾನಿಕ್. ಹಾಗಂತ ಅವನೇ ಹೇಳ್ಕೊಳ್ಳೋದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕೆಡಿಸಿದ ಪ್ರತಿ ಇಂಜಿನ್ನೂ ಕಂಪನಿಯವರ ತಪ್ಪು.

ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಹಾಕೋದು ಹೇಗೆ ಅಂತ ಬೈಕ್ ಒರೆಸೋನಿಗೂ ಗೊತ್ತು. ಮೊದಲು ಬೆರಳಲ್ಲಿ ತಿರುಗಿಸಬೇಕು, ಸಲೀಸಾಗಿ ಒಳಗೆ ಹೋದ ಮೇಲೆ ಸ್ಪ್ಯಾನರ್. ನಮ್ಮ ಮಹಾಶಯನಿಗೆ ಅಷ್ಟು ಪುರುಸೊತ್ತೆಲ್ಲಿ? ಮೊದಲೇ ಸ್ಪ್ಯಾನರ್ ಹಾಕಿ ಅದುಮೋದು. ಹಾಗೇ ಒಬ್ಬ ಪೇಂಟರನ ಬೈಕಲ್ಲಿ ಪ್ಲಗ್ ಓರೆಯಾಗಿ ಹತ್ತಿಸಿ, ಇಂಜಿನ್ ಹೆಡ್ಡಲ್ಲಿ ಪ್ಲಗ್ ಕೂರೋ ತೂತಿನ ಥ್ರೆಡ್ಡೆಲ್ಲ ಕಿತ್ತು ಹಾಕಿದ. ಗೋಡೆಗೆ ಬಣ್ಣ ಹೊಡೆಯೋ ಬಡಪಾಯಿ ಆ ಪೇಂಟರ್. ಉಗುರಲ್ಲಿ ಯಾವಾಗಲೂ ನೀಲಿ.

ಸರಿಯಾದ ಕೆಲಸ ಅಂದ್ರೆ ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಸ್ಟೀಲ್ ಬುಷ್, ಅಂದ್ರೆ ಒಳಗೊಂದು ಬಳೆ, ಕೂರಿಸಬೇಕು. ಇವನು ಅದೇ ಪ್ಲಗ್‌ಗೆ ತಾಮ್ರದ ತಂತಿ ಸುತ್ತಿ, ಅಂಟು ಮೆತ್ತಿ, ತುರುಕಿ ಕಳಿಸಿದ.

"ಮೇಸ್ತ್ರಿ, ನಿಲ್ಲುತ್ತಾ ಇದು?" ಅಂತ ಪೇಂಟರ್ ಕೇಳಿದನಂತೆ.

"ನೀನು ಸತ್ತರೂ ಅದು ಅಲ್ಲಾಡಲ್ಲ."

ಅದೇ ವಾರ ಬಾವಿ ಹತ್ತಿರ ಪ್ಲಗ್ ಹಾರಿತು. ನಡುರಸ್ತೆಯಲ್ಲಿ ಇಂಜಿನ್ ಬಂದ್, ದೀಪ ಬಂದ್. ಹಿಂದಿನಿಂದ ಲಾರಿ... ಪೇಂಟರ್ ಅಲ್ಲೇ ಹೋದ.

ಇವನಿಗೆ ನಾಚಿಕೆ ಆಯ್ತಾ? ನುಜ್ಜುಗುಜ್ಜಾದ ಬೈಕನ್ನ ಗುಜರಿಯಿಂದ ತಂದು, ಗಟ್ಟಿ ಉಳಿದಿದ್ದ ಇಂಜಿನ್ನನ್ನ ತನ್ನ ಬೈಕಿಗೇ ಹಾಕ್ಕೊಂಡ. ಬುಷ್ ಹಾಕೋಕೆ ಆಗಲೂ ಸೋಮಾರಿತನ. ಅದೇ ತಂತಿ, ಅದೇ ಅಂಟು. ಥೂ.

ಆಮೇಲೊಂದು ರಾತ್ರಿ, ಅದೇ ತಿರುವು. ಮೊದಲು ಚುಸ್... ಚುಸ್... ಅಂತ ಗಾಳಿ ಸೋರೋ ಸದ್ದು. ಆಮೇಲೆ ಫಟ್. ಟಿಣ್ ಅಂತ ಪ್ಲಗ್ ಟಾರಿನ ಮೇಲೆ ಬಿತ್ತು. ಇವನು ಬೈಕನ್ನ ರಸ್ತೆ ಅಂಚಿಗೆ ತಳ್ಳಿ ನಿಲ್ಲಿಸಿ, ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ತಡಕಾಡಿದ. ಸಿಕ್ಕಿತು. ಸುಡ್ತಿತ್ತು. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡ.

ಆಗ ಬೈಕಿನ ಕಡೆಯಿಂದ ಸದ್ದು... ಸರ್... ಸರ್... ಯಾರೋ ಪ್ಲಗ್ ತಿರುಗಿಸ್ತಿದಾರೆ. ನಿಧಾನವಾಗಿ, ಬೆರಳಲ್ಲಿ. ಕಾದ ಇಂಜಿನ್ ಮೇಲೆ ಬರಿಗೈ.

"ಯಾರದು?"

"ಮೊದಲು ಕೈಯಲ್ಲಿ, ಮೇಸ್ತ್ರಿ..." ಪಿಸುಮಾತು.

ಇವನು ಕೂತಲ್ಲಿಂದಲೇ ಬೈಕಿನ ಕಡೆ ಕತ್ತು ಚಾಚಿದ. ಕತ್ತಲಲ್ಲಿ ಯಾರೂ ಕಾಣಲಿಲ್ಲ.

"ಪಕ್ಕಕ್ಕೆ ಹೋಗಿ," ಅಂತು ದನಿ. "ಲಾರಿ ಬರುತ್ತೆ."

ಇವನು ಬಾವಿಕಟ್ಟೆ ಕಡೆ ಉರುಳಿದ. ಗಡಗಡ... ದೀಪವೇ ಇಲ್ಲದ ಲಾರಿ, ಇವನು ಕೂತಿದ್ದ ಜಾಗದ ಮೇಲೇ ಹಾದುಹೋಯ್ತು. ಇವನು ಬೈಕನ್ನ ಅಲ್ಲೇ ಬಿಟ್ಟು ಓಡಿದ. ಬಂದು ನನ್ನ ಮನೆ ಬಾಗಿಲು ಬಡಿದ, "ಭಾವ, ಭಾವ" ಅಂತ. ಬೇರೆ ದಿನ ನನ್ನ ಮುಖ ಕಂಡರೆ ಆಗದವನು.

ಬೆಳಗ್ಗೆ ನಾನೇ ಹೋಗಿ ನೋಡಿದೆ. ಹೆಡ್ಡಲ್ಲಿ ಪ್ಲಗ್ ಇತ್ತು. ಬೆರಳಲ್ಲೇ ತಿರುಗಿಸಿದೆ, ಸಲೀಸಾಗಿ ಬಂತು. ತೂತಲ್ಲಿ ಹೊಳೆಯೋ ಸ್ಟೀಲ್ ಬುಷ್. ಹಾರಿದ್ದ ಪ್ಲಗ್ ತಂತಿ ಸಮೇತ ಇವನ ಜೇಬಲ್ಲೇ ಇತ್ತು, ಅದನ್ನೂ ನೋಡಿದೀನಿ.

ಸಂಜೆ ಅವನ ಅಂಗಡಿಗೆ ಹೋದರೆ, ಗಿರಾಕಿಗೆ ಹೇಳ್ತಿದ್ದಾನೆ: "ನೋಡಿ, ಈ ಬುಷ್ ನಾನೇ ಕೂರಿಸಿದ್ದು. ಹೇಗಿದೆ ಕೆಲಸ?" ತಾನು ಕೊಂದವನು ಬಂದು ಜೀವ ಉಳಿಸಿದ, ಅವನ ಕೆಲಸವನ್ನೂ ತನ್ನದು ಅಂತಾನೆ. ದೆವ್ವಕ್ಕೆ ನಾನು ಹೆದರಲ್ಲ, ಇಂಥವರ ಜೊತೆ ಕೂತು ಉಣ್ಣಬೇಕಲ್ಲ ಅಂತ ಹೇಸಿಗೆ.

ನಗೋರು ನಗಲಿ. ನಾನು ಕಣ್ಣಾರೆ ಕಂಡದ್ದು... ಬೆಳಗ್ಗೆ ಹೆಡ್ಡಲ್ಲಿದ್ದ ಆ ಪ್ಲಗ್ ಬಿಚ್ಚಿದಾಗ ಅದರ ಬಿಳಿ ಪಿಂಗಾಣಿ ಮೇಲೆ ಎರಡು ಬೆರಳಿನ ಗುರುತಿತ್ತು. ನೀಲಿ. ಮುಟ್ಟಿ ನೋಡಿದೆ, ನನ್ನ ಕೈಗೂ ಹತ್ತಿತು. ಬಣ್ಣ ಇನ್ನೂ ಹಸಿ ಇತ್ತು.