ಇಳಿಜಾರಿನಲ್ಲಿ ಅಳೆದ ದೂರ

ಯಂತ್ರಗಳ ದುರಸ್ತಿ ಶೆಡ್ಡಿನ ಕಚೇರಿಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಪಕ್ಕದ ಬೆಂಚಿನಿಂದ ಕೇಳಿಬಂದ ಮಾತುಗಳನ್ನು, ಸತ್ಯಕ್ಕೆ ಅಪಚಾರವಾಗದಂತೆ, ಇಲ್ಲಿ ಬರೆದಿಡುತ್ತಿದ್ದೇನೆ. ಒಬ್ಬನು ಮೇಲ್ವಿಚಾರಕ. ಇನ್ನೊಬ್ಬನು ಅವನ ಹೆಂಡತಿಯ ತಮ್ಮ; ಗುಡ್ಡದ ಮೇಲಿನ ಕೆಲಸಗಾರರಿಗೆ ಬುಲ್ಡೋಜರಿನಂಥ ಚೈನ್ ಚಕ್ರದ ಗಾಡಿಯಲ್ಲಿ ಕುಡಿಯುವ ನೀರು ಒಯ್ಯುವ ಚಾಲಕ.

“ಈ ವರದಿಗೆ ಸೈನ್ ಹಾಕೋ. ಹೊಸ ಬ್ಯಾಟರಿ ಗಾಡಿ ಒಂದು ಚಾರ್ಜಿಗೆ ಇಪ್ಪತ್ತು ಕಿಲೋಮೀಟರ್. ನಾಲ್ಕು ಓಡಿಸಿ ನೋಡಿದೆ, ಚಾರ್ಜಲ್ಲಿ ಐದನೇ ಒಂದು ಪಾಲು ಹೋಯ್ತು, ಮಿಕ್ಕಿದ್ದು ಗುಣಾಕಾರ.”

“ಆ ನಾಲ್ಕು, ಗುಡ್ಡದಿಂದ ಕೆಳಕ್ಕೆ ತಾನೆ ಭಾವ?”

“ಕೆಳಕ್ಕೆ ಬಂದ್ರೂ ಕಿಲೋಮೀಟರ್ ಕಿಲೋಮೀಟರೇ ಕಣೋ.”

“ಹೌದೌದು. ಟ್ಯಾಂಕಲ್ಲಿ ನೀರಿತ್ತಾ?”

“ಪರೀಕ್ಷೆಗೆ ಯಾರಾದ್ರೂ ನೀರು ಹಾಳು ಮಾಡ್ತಾರಾ?”

“ಈಗಿರೋ ಡೀಸೆಲ್ ಗಾಡಿಗೆ ಮಾತ್ರ ತುಂಬಿದ ಟ್ಯಾಂಕ್ ಹೊರಿಸಿ ಏರಿಸಿದ್ರಿ. ಆಮೇಲೆ ‘ಡೀಸೆಲ್ ವಿಪರೀತ ಕುಡಿಯುತ್ತೆ’ ಅಂತ ಬರೆದ್ರಿ.”

“ನಿನಗೆ ಹೊಸದು ಕಂಡ್ರೆ ಆಗಲ್ಲ.”

“ಗಾಡಿ ಬಂಗಾರದಂಥದ್ದು. ಹೊಗೆ ಇಲ್ಲ, ಸದ್ದಿಲ್ಲ. ನೀರು ಹೊತ್ತು ಏರಿದ್ರೆ ಎಷ್ಟು ದೂರ ಬರುತ್ತೆ ಅಂತ ಅಳೀರಿ, ಆಗ ಸೈನ್ ಹಾಕ್ತೀನಿ.”

“ಟೈಮಿಲ್ಲ. ನಾಳೆ ಡೀಸೆಲ್ ಗಾಡಿ ವಾಪಸ್ ಹೋಗುತ್ತೆ, ಇನ್ಮೇಲೆ ನೀರಿಗೆ ಬ್ಯಾಟರಿ ಗಾಡಿನೇ.”

“ಹಂಗಾದ್ರೆ ನಾಳೆ ನೀವೂ ಬನ್ನಿ. ಅರ್ಧ ದಾರೀಲಿ ಗಾಡಿ ನಿಂತ್ರೆ, ನಲವತ್ತು ಜನಕ್ಕೆ ಕೊಡ ಹೊರೋಕೆ ನಾನೊಬ್ಬ ಸಾಲಲ್ಲ.”

“ನನಗೆ ಮಂಡಿನೋವು.”

“ಪಾಪ! ಏರು ಅಂದ್ರೇನು ಅಂತ ನಿಮ್ಮ ಮಂಡಿಗೆ ಗೊತ್ತು, ನಿಮ್ಮ ವರದಿಗೆ ಗೊತ್ತಿಲ್ಲ.”

“ನಿಮ್ಮಕ್ಕನಿಗೆ ಹೇಳ್ತೀನಿ ನೋಡು!”

“ಹೇಳಿ. ಮೊದಲು ಟ್ಯಾಂಕ್ ತುಂಬಿಸೋಣ, ಬನ್ನಿ.”

ಚಾಲಕನು ಸಹಿಯಿಲ್ಲದ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಟನು. ಹಾಳೆ ಬೇಕಾಗಿದ್ದ ಭಾವನೂ, ಕಂಬಿ ಹಿಡಿದು, ಅವನ ಹಿಂದೆಯೇ ಮೆಟ್ಟಿಲಿಳಿದನು.